ಮುಚ್ಚಿಟ್ಟ ಲೋಟದ ನೀರು

ಹೆರಿಗೆ ಮಾಡಿಸುವುದೆಂದರೆ ಬಹುಮಟ್ಟಿಗೆ ಕಾದು ಕುಳಿತಿರುವುದೆಂದು ತರಬೇತಿಯ ಶಾಲೆಯಲ್ಲಿ ಓದಿ ತಿಳಿದಿದ್ದೆನಾದರೂ, ಆ ಮಾತು ಮನಸ್ಸಿಗೆ ನಾಟಿದ್ದು 1970ರ ದಶಕದಲ್ಲಿ, ದಕ್ಷಿಣ ಕನ್ನಡದ ಒಂದು ಅಡಕೆತೋಟದ ಮನೆಯಲ್ಲಿ, ಆಟಿ ತಿಂಗಳ ಮಳೆ ಒಂದೇ ಸಮನೆ ಸುರಿಯುತ್ತಿದ್ದ ಒಂದು ಸೋಮವಾರದ ಇರುಳು. ನಾನಾಗ ಬಯಲುಸೀಮೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎ.ಎನ್.ಎಂ., ಎಂದರೆ ಹೆರಿಗೆ ಮಾಡಿಸುವ ಸಹಾಯಕ ದಾದಿ, ಆಗಿ ಬಂದು ಇನ್ನೂ ವರುಷ ತುಂಬಿರಲಿಲ್ಲ. ತುಳು ಅರ್ಧಂಬರ್ಧ ಅರ್ಥವಾಗುತ್ತಿತ್ತು, ಕೊಂಕಣಿ ಅಷ್ಟೂ ಇಲ್ಲ. ಕರೆಯಲು ಬಂದವನು ತೋಟದ ಆಳು. ‘ಪೊರ್ಬುಗಳ ಮನೆಯಲ್ಲಿ ಮಗಳಿಗೆ ಬೇನೆ ಸುರುವಾಗಿದೆ, ಬಾಯಮ್ಮ ನಿಮ್ಮನ್ನು ಕರೆದುಕೊಂಡು ಬಾ ಎಂದಿದ್ದಾರೆ’ ಎಂದನು. ಆ ಕಡೆಯ ತುಳುವರು ಕ್ರೈಸ್ತ ಗೃಹಸ್ಥರನ್ನು ಪೊರ್ಬುಗಳೆಂದೂ ಅವರ ಮನೆಯ ಗೃಹಿಣಿಯನ್ನು ಬಾಯಮ್ಮನೆಂದೂ ಕರೆಯುವುದು ರೂಢಿ.

ಹುಡುಗಿಗೆ ಚೊಚ್ಚಲು. ಗಂಡ ಮುಂಬಯಿಯಲ್ಲಿ ಕೆಲಸದಲ್ಲಿದ್ದನು. ನಮ್ಮಲ್ಲಿರುವಂತೆಯೇ ಅವರಲ್ಲಿಯೂ ಮೊದಲ ಹೆರಿಗೆ ತವರಿನದು. ತವರಿಗೆ ಅವರು ಕುಳಾರ್ ಎನ್ನುತ್ತಾರೆ. ನಾನು ಕೊಡೆ ಮಡಚಿ ಜಗಲಿಯನ್ನು ಹತ್ತುವಾಗ ಮೊದಲು ಕಣ್ಣಿಗೆ ಬಿದ್ದದ್ದು ನೆರೆಯ ಬಂಟರ ಮನೆಯಿಂದ ಬೇಡಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಒಂದು ಜೀಪು. ಅದರ ಮುಖ ಬಾಗಿಲ ಕಡೆಗಲ್ಲ, ದಣಪೆಯ ಕಡೆಗೆ, ಎಂದರೆ ಹೊರಡುವ ದಾರಿಯ ಕಡೆಗೆ ತಿರುಗಿತ್ತು. ಒಳಗೆ ಕಾಲಿಟ್ಟರೆ ನಡುಮನೆಯ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಅವರು ಆಲ್ತಾರ್ ಎಂದು ಕರೆಯುವ ಸಣ್ಣ ಪೀಠ, ಅದರ ಮೇಲೆ ಉರಿಯುವ ಎಣ್ಣೆಯ ದೀಪ. ದೇವರ ಮುಂದಿನ ದೀಪವನ್ನೂ ದಾರಿಯ ಕಡೆಗೆ ತಿರುಗಿಸಿಟ್ಟ ಜೀಪನ್ನೂ ಒಂದೇ ಗಳಿಗೆಯಲ್ಲಿ ಕಂಡ ನನಗೆ, ಈ ಮನೆಯವರೊಡನೆ ವಾದ ಮಾಡಬೇಕಾಗಿ ಬಾರದೆಂಬ ಧೈರ್ಯವೊಂದು ಹುಟ್ಟಿತು.

ಮನೆ ಹೆರಿಗೆಗೆ ಹೋದ ದಾದಿಗೆ ಮೊದಲು ತೋರುವ ಭಯ ರಕ್ತದ್ದಲ್ಲ, ಮನೆಮಂದಿಯದು. ಮಗು ಅಡ್ಡ ಬಂದಿದೆ, ಗುಂಡಿಗೆಯ ಬಡಿತ ಇಳಿಯುತ್ತಿದೆ, ಈಗಲೇ ಹೊರಡಬೇಕು ಎಂದಾಗ, ‘ಇನ್ನೊಂದು ಗಳಿಗೆ ನೋಡೋಣ, ದೇವರಿದ್ದಾನೆ’ ಎಂದು ಕಾಲಹರಣ ಮಾಡಿ, ಆ ಒಂದು ಗಳಿಗೆಯಲ್ಲಿಯೇ ಎರಡು ಜೀವಗಳನ್ನು ಕಳೆದುಕೊಂಡ ಮನೆಗಳನ್ನು ಎಲ್ಲ ಮತದವರಲ್ಲಿಯೂ ನಾನು ಕಂಡಿದ್ದೇನೆ. ಆದುದರಿಂದ ಹುಡುಗಿಯನ್ನು ಪರೀಕ್ಷಿಸಿ, ಮರದ ತುತ್ತೂರಿಯನ್ನು ಹೊಟ್ಟೆಗಿಟ್ಟು ಮಗುವಿನ ಎದೆಬಡಿತವನ್ನು ಎಣಿಸಿ, ಎಲ್ಲ ಸರಿಯಾಗಿದೆಯೆಂದು ಖಚಿತವಾದ ಮೇಲೆ, ತಂದೆಯನ್ನು ಜಗಲಿಗೆ ಕರೆದು, ಇಂತಿಂಥದು ಆದರೆ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಗೆ ಹೊರಡಲೇಬೇಕು, ಆಗ ಯಾರೂ ಎದುರಾಡಬಾರದು ಎಂದೆನು. ಅವರು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿ, ‘ನೀವು ಹೇಳಿದ ಕ್ಷಣ ಗಾಡಿ ಸ್ಟಾರ್ಟ್ ಆಗ್ತದೆ ನರ್ಸಮ್ಮ, ಆದರೆ ಹೊಳೆ ಉಂಟಲ್ಲ’ ಎಂದರು. ಊರಿನ ಕಿರುಸೇತುವೆಯ ಮೇಲೆ ನೀರು ಬಂದರೆ ದಾರಿ ಮುಚ್ಚುತ್ತಿತ್ತು. ಆಗಿನಿಂದ ಬೆಳಗಿನವರೆಗೆ ಆ ವೃದ್ಧರು ಗಂಟೆಗೊಮ್ಮೆ ಗೊರಬೆ ಹೊದೆದು, ಟಾರ್ಚು ಹಿಡಿದು, ಹೊಳೆಯ ದಂಡೆಗೆ ಹೋಗಿ ಬಂದು, ಕೋಣೆಯ ಬಾಗಿಲ ಸಂದಿನಿಂದ ನನಗೊಬ್ಬಳಿಗೇ ಕಾಣುವಂತೆ ಬೆರಳನ್ನು ತೋರಿಸುತ್ತಿದ್ದರು: ಸೇತುವೆಯ ಕಲ್ಲಿಗೂ ನೀರಿಗೂ ನಡುವೆ ಎರಡು ಗೇಣು, ಒಂದೂವರೆ ಗೇಣು, ಮತ್ತೆ ಎರಡು ಗೇಣು. ಮಗಳಿಗೆ ಹೊಳೆಯ ಸುದ್ದಿ ತಿಳಿಯಲೇ ಇಲ್ಲ.

ಕೋಣೆಯಲ್ಲಿ ಮೂವರು ಹೆಂಗಸರಿದ್ದರು. ತಾಯಿ, ಮಗಳ ಬೆನ್ನ ಹಿಂದೆ ಗೋಡೆಗೊರಗಿ ಕುಳಿತು, ಅವಳ ಭಾರವನ್ನೆಲ್ಲ ತನ್ನ ಎದೆಯ ಮೇಲೆ ತಾಳಿಕೊಂಡಿದ್ದಳು. ಎರಡನೆಯವಳು ಊರಿನ ಹಳೆಯ ಸೂಲಗಿತ್ತಿ, ಕೊಂಕಣಿಯಲ್ಲಿ ವೊಯ್ಜಿಣ್. ಇದೇ ಹುಡುಗಿಯನ್ನು ಇದೇ ಕೋಣೆಯಲ್ಲಿ ಹಿಡಿದೆತ್ತಿದವಳು, ಈಗ ಕಣ್ಣು ಮಂಜಾಗಿತ್ತು. ಸರಕಾರದ ನರ್ಸು ಬಂದಳೆಂದು ಅವಳನ್ನು ಹೊರಗಿಡುವ ಯೋಚನೆ ಆ ಮನೆಯವರಿಗೆ ಬರಲಿಲ್ಲ. ನನಗೊಂದು ಮಣೆ ಹಾಕಿದಂತೆ ಅವಳಿಗೂ ಒಂದು ಮಣೆ ಹಾಕಿದ್ದರು. ಬೇನೆ ಬಂದಾಗ ಸೊಂಟದ ಮೂಳೆಯ ಮೇಲೆ ಅಂಗೈಯ ಬುಡದಿಂದ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ನಾನು ಪುಸ್ತಕದಿಂದ ಕಲಿತವಳಲ್ಲ, ಆ ರಾತ್ರಿ ಅವಳ ಕೈಯನ್ನು ನೋಡಿ ಕಲಿತೆನು. ಮೂರನೆಯವರು ಅಜ್ಜಿ. ಮೂಲೆಯಲ್ಲಿ ಚಾಪೆ ಹಾಸಿಕೊಂಡು ಜಪಸರವನ್ನು ಹಿಡಿದಿದ್ದರು.

ಸಂಜೆ ದೀಪ ಹಚ್ಚಿದ ಮೇಲೆ ಕುಟುಂಬವೆಲ್ಲ ಕೂಡಿ ಜಪಸರ ಹೇಳುವುದು ಕರಾವಳಿಯ ಕ್ಯಾಥೊಲಿಕರ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಅದಕ್ಕೆ ತೇರ್ಸ್ ಎಂದು ಹೆಸರು. ಅಂದು ನಡುಮನೆಯಲ್ಲಿ ಹೇಳುವ ಬದಲು ಕೋಣೆಯ ಬಾಗಿಲಿನಾಚೆ ಕುಳಿತು ಮೆಲುದನಿಯಲ್ಲಿ ಹೇಳಿದರು. ಅದು ಮುಗಿದ ಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಎದ್ದರೆ, ಅಜ್ಜಿ ಮಾತ್ರ ‘ನಮಾನ್ ಮರಿಯೆ’ ಎಂಬ ಆ ಮಂತ್ರವನ್ನು ತುಟಿಯಲ್ಲಿಯೇ ಮುಂದುವರಿಸಿದರು. ಸ್ವಲ್ಪ ಹೊತ್ತಿನಲ್ಲಿ ನನಗೊಂದು ಸಂಗತಿ ಗೋಚರವಾಯಿತು. ನನ್ನ ಕೈಗಡಿಯಾರ ಮಳೆಯಲ್ಲಿ ತೊಯ್ದು ಗಾಜಿನೊಳಗೆ ಹಬೆ ಕಟ್ಟಿತ್ತು; ಬೇನೆ ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆಯೆಂದು ನಾನು ತಡಕಾಡುತ್ತಿರುವುದನ್ನು ಕಂಡು ಅಜ್ಜಿ, ‘ಈಗ ಒಂದು ಬೇನೆಗೆ ನಾಲ್ಕು ನಮಾನ್ ಆಗ್ತದೆ ಮಗಾ, ಬೇನೆಯಿಂದ ಬೇನೆಗೆ ಒಂದು ಹತ್ತು’ ಎಂದರು. ಒಂದು ಮಣಿಗೆ ಸುಮಾರು ಹದಿನೈದು ಸೆಕೆಂಡು. ನಾಲ್ಕು ಮಣಿಗೆ ಒಂದು ನಿಮಿಷ. ಹತ್ತು ಮಣಿಗೆ ಎರಡೂವರೆ ನಿಮಿಷ. ಗರ್ಭಕೋಶ ಚೆನ್ನಾಗಿ ದುಡಿಯುತ್ತಿರುವಾಗ ಇರಬೇಕಾದ ಲೆಕ್ಕ ಅದೇ. ಗಡಿಯಾರವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೆನು.

ಸೋಮವಾರ ಹೇಳುವುದು ಜಪಸರದ ಸಂತೋಷದ ರಹಸ್ಯಗಳನ್ನು. ಅವುಗಳಲ್ಲಿ ಎರಡನೆಯದು ಗರ್ಭಿಣಿಯಾದ ಮರಿಯಳು ತನಗಿಂತ ಹಿರಿಯಳಾದ, ಬಸುರಿಯಾದ ಬಂಧು ಎಲಿಸಬೇತಳ ಮನೆಗೆ ಬೆಟ್ಟದ ಸೀಮೆಯನ್ನು ಹತ್ತಿ ಹೋದ ಪ್ರಸಂಗ, ಮೂರನೆಯದು ಕ್ರಿಸ್ತಜನನ. ಮರಿಯಳು ಅಲ್ಲಿ ಸುಮಾರು ಮೂರು ತಿಂಗಳಿದ್ದಳೆಂದು ಲೂಕನ ಸುವಾರ್ತೆ ಹೇಳುತ್ತದೆ. ಏನು ಮಾಡಿದಳೆಂದು ಹೇಳುವುದಿಲ್ಲ. ‘ಮಾಡಿರ್ತಾಳೆ ಎಂತ, ನೀರು ಕಾಯಿಸಿರ್ತಾಳೆ, ಬೆನ್ನು ತಿಕ್ಕಿರ್ತಾಳೆ, ನಮ್ಮ ಹಾಗೆ’ ಎಂದು ಅಜ್ಜಿ ಅಂದರು. ಅವರ ಧರ್ಮಗ್ರಂಥದ ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿಯೇ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಬರುತ್ತಾರೆ. ಹುಟ್ಟಿದ ಗಂಡು ಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಯನ್ನು ಮೀರಿ ಮಕ್ಕಳನ್ನು ಉಳಿಸಿದವರು. ಆ ದೊಡ್ಡ ಅರಸನ ಹೆಸರು ಅಲ್ಲಿಲ್ಲ, ಈ ಇಬ್ಬರ ಹೆಸರು ಇದೆ. ನನ್ನ ವೃತ್ತಿಯವಳಿಗೆ ಇದಕ್ಕಿಂತ ಹಿರಿಯ ಮನ್ನಣೆ ಯಾವುದಿದ್ದೀತು!

ಅದೇ ಗ್ರಂಥದ ಆದಿಕಾಂಡದಲ್ಲಿ ಹವ್ವಳಿಗೆ ಪ್ರಸವವೇದನೆಯನ್ನು ವಿಧಿಸಿದ ಮಾತೊಂದಿದೆ. ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಕ್ಲೋರೊಫಾರ್ಮ್ ಬಳಸಿದಾಗ, ದೇವರು ವಿಧಿಸಿದ ನೋವನ್ನು ತಪ್ಪಿಸುವುದು ಸಲ್ಲದೆಂಬ ಆಕ್ಷೇಪಕ್ಕೆ ಆಧಾರವಾಗಿದ್ದುದು ಆ ಮಾತೇ. ಸ್ವತಃ ಶ್ರದ್ಧಾವಂತನಾದ ಸಿಂಪ್ಸನ್, ಆದಾಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರು ಅವನಿಗೆ ಗಾಢನಿದ್ರೆಯನ್ನು ಬರಿಸಿದನಲ್ಲವೆ ಎಂದು ಅದೇ ಪುಸ್ತಕದಿಂದಲೇ ಉತ್ತರ ಕೊಟ್ಟನು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಕ್ಲೋರೊಫಾರ್ಮ್ ತೆಗೆದುಕೊಂಡ ಮೇಲೆ ಆ ಗದ್ದಲ ತಣ್ಣಗಾಯಿತು. ಅದೇ 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ವೈದ್ಯವಿದ್ಯಾರ್ಥಿಗಳ ವಾರ್ಡಿನಲ್ಲಿ ಸಾಯುವ ಬಾಣಂತಿಯರ ಸಂಖ್ಯೆ ಸೂಲಗಿತ್ತಿಯರ ವಾರ್ಡಿಗಿಂತ ಎರಡು ಪಟ್ಟಿಗೂ ಮಿಗಿಲಾಗಿರುವುದೇಕೆಂದು ಹುಡುಕಿ, ಶವಪರೀಕ್ಷೆಯ ಮನೆಯಿಂದ ನೇರವಾಗಿ ಬರುವ ಕೈಗಳೇ ಕಾರಣವೆಂದು ಕಂಡುಕೊಂಡು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು. ಈ ಎರಡು ಉಪಕಾರಗಳಲ್ಲಿ ಯಾವುದು ದೊಡ್ಡದೆಂದು ನನ್ನನ್ನು ಕೇಳಿದರೆ ಕೈ ತೊಳೆದುದೇ ದೊಡ್ಡದೆನ್ನುವೆನು.

ಆ ಕೋಣೆಯಲ್ಲಿ ನೋವು ಶಿಕ್ಷೆಯೆಂದು ಹುಡುಗಿಗೆ ಯಾರೂ ಹೇಳಲಿಲ್ಲ, ಕೂಗಬೇಡವೆಂದೂ ಹೇಳಲಿಲ್ಲ. ಇದು ಬರಿಯ ಸೌಜನ್ಯದ ಮಾತಲ್ಲ, ದೇಹಧರ್ಮಕ್ಕೆ ಸಂಬಂಧಿಸಿದ್ದು. ಗರ್ಭಕೋಶವನ್ನು ಸಂಕೋಚಿಸುವಂತೆ ಮಾಡುವ ಆಕ್ಸಿಟೋಸಿನ್ ಎಂಬ ರಸ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಸ್ರವಿಸುತ್ತದೆ. ಭಯಗೊಂಡ ದೇಹದಲ್ಲಿ ಏರುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ಹೆದರಿದ ಹಸು ಹಾಲು ಸೋರದೆ ಏರಿಸಿಕೊಳ್ಳುವುದನ್ನು ಕಂಡ ನಮ್ಮ ಹಳ್ಳಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಹಾಲನ್ನು ಇಳಿಸುವುದೂ ಅದೇ ರಸವೇ. ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲೆಂಡಿನ ಪ್ರಸೂತಿವೈದ್ಯನು 1930ರ ದಶಕದಿಂದಲೇ ಪ್ರತಿಪಾದಿಸಿದ್ದು ಈ ತತ್ತ್ವವನ್ನೇ: ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ. 2017ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು 15 ಸಾವಿರಕ್ಕೂ ಮಿಕ್ಕಿದ ಸ್ತ್ರೀಯರನ್ನೊಳಗೊಂಡ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಬೇನೆಯ ಅವಧಿ ಕಡಿಮೆಯಾಗುವುದೆಂದೂ ಸಿಸೇರಿಯನ್‌ಗಳು ಕಡಿಮೆಯಾಗುವುವೆಂದೂ ಹೇಳಿತು.

ಇಷ್ಟನ್ನು ಓದಿದವರು ನಾನು ಮನೆ ಹೆರಿಗೆಗೆ ಮರಳಿರೆಂದು ಕರೆಯುತ್ತಿರುವೆನೆಂದು ಭಾವಿಸಬಾರದು. ಹೆರಿಗೆಯ ನಂತರದ ರಕ್ತಸ್ರಾವ ಆರೋಗ್ಯವಂತ ತಾಯಿಯ ಪ್ರಾಣವನ್ನೂ ಗಂಟೆ ಎರಡು ಗಂಟೆಯೊಳಗೆ ಕೊಂಡೊಯ್ಯಬಲ್ಲುದು. ಅದು ಯಾರಿಗೆ ಬರುವುದೆಂದು ಮುಂದಾಗಿ ಹೇಳಲು ಎಷ್ಟೋ ವೇಳೆ ಯಾವ ಲಕ್ಷಣವೂ ಇರುವುದಿಲ್ಲ. 1992–93ರಲ್ಲಿ ನಮ್ಮ ದೇಶದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು ಸುಮಾರು ನಾಲ್ಕರಲ್ಲಿ ಒಂದು ಹೆರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ನೂರಕ್ಕೆ 88ನ್ನು ದಾಟಿತ್ತು, ಕರ್ನಾಟಕದಲ್ಲಿ 97ನ್ನು ಮುಟ್ಟಿತ್ತು. ಲಕ್ಷ ಜೀವಂತ ಜನನಗಳಿಗೆ 1997–98ರಲ್ಲಿ 398ರಷ್ಟಿದ್ದ ತಾಯಂದಿರ ಮರಣ 2018–20ಕ್ಕೆ 97ಕ್ಕೆ ಇಳಿಯಿತು. ಈ ಅಂಕಿಗಳ ಹಿಂದಿರುವ ಮುಖಗಳನ್ನು ಕಂಡವಳು ನಾನು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಕಣ್ಣು ತುಂಬಿ ಬಂದಿತಾದರೂ, ಅಂಥ ಕೈ ಊರಿಗೊಂದು ಇರಲಿಲ್ಲವೆಂಬುದನ್ನು ಮರೆಯಲಾರೆ.

ಆದರೆ ಮನೆಯಿಂದ ಆಸ್ಪತ್ರೆಗೆ ಹೆರಿಗೆಯನ್ನು ಸಾಗಿಸುವಾಗ ನಾವು ಹುಡುಗಿಯೊಬ್ಬಳನ್ನು ಮಾತ್ರ ಒಳಕ್ಕೆ ಕರೆದುಕೊಂಡೆವು. ಬೆನ್ನು ಒರಗಲು ಕುಳಿತಿದ್ದ ತಾಯಿಯನ್ನು ಹೊರಗೆ ಬಿಟ್ಟೆವು. ಮುಂದೆ ನಾನು ದುಡಿದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಬೇನೆ ತಿನ್ನುತ್ತಿದ್ದ ಹೆಣ್ಣುಮಕ್ಕಳು ಸಾಲುಮಂಚಗಳಲ್ಲಿ ಮಲಗಿರುವಾಗ, ಅವರ ತಾಯಂದಿರು ಕಬ್ಬಿಣದ ಗೇಟಿನಾಚೆ ಮೆಟ್ಟಿಲ ಮೇಲೆ ಕುಳಿತು, ಒಳಗಿನ ಕೂಗುಗಳಲ್ಲಿ ತಮ್ಮ ಮಗಳದು ಯಾವುದೆಂದು ಆಲಿಸುತ್ತಿದ್ದರು. ಗೇಟು ಹಾಕುವವರಲ್ಲಿ ನಾನೂ ಒಬ್ಬಳಾಗಿದ್ದೆನು. ಅದಕ್ಕಾಗಿ ಇಂದಿಗೂ ವ್ಯಥೆಪಡುತ್ತೇನೆ. 2016ರಲ್ಲಿ ಕೇಂದ್ರ ಸರಕಾರವು ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬ ಸಂಗಾತಿಯನ್ನು ಜೊತೆಗಿರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಓದುಗರಲ್ಲಿ ಹೆರಿಗೆಗೆ ಹತ್ತಿರವಾದವರು ಇರುವ ಮನೆಯವರು ಈ ವಿಷಯವನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿಯೇ ಬಾಯಿಬಿಟ್ಟು ಕೇಳಬೇಕು. ಯಾರು ಜೊತೆಗಿರಬೇಕೆಂಬುದನ್ನು ಬಸುರಿಯೇ ಹೇಳಲಿ. ಹಾಗೆ ಇರುವವರು ಆ ಅಜ್ಜಿಯಂತೆ, ಏನಾಗಬಹುದೆಂಬುದನ್ನು ಮುಂದಾಗಿ ತಿಳಿದು, ಆ ತಿಳಿವಿನ ನೆರಳು ಹೆರುವವಳ ಮೇಲೆ ಬೀಳದಂತೆ ಕುಳಿತಿರಬಲ್ಲವರಾಗಿರಲಿ.

ಆ ಅಜ್ಜಿಯ ಪಕ್ಕದಲ್ಲಿ, ಚಾಪೆಯ ಅಂಚಿನಲ್ಲಿ, ಬಸಿ ಮುಚ್ಚಿದ ಒಂದು ಗಾಜಿನ ಲೋಟವಿತ್ತು. ನಡುರಾತ್ರಿ ಬಾಯಾರಿಕೆಯಾಗಿ ನಾನು ಅದಕ್ಕೆ ಕೈ ಚಾಚಿದಾಗ ಅವರು ಮೆಲ್ಲಗೆ ತಡೆದು, ಬೇರೆ ಚೆಂಬಿನಿಂದ ನೀರು ಕೊಟ್ಟರು. ಆಮೇಲೆ ಕಿವಿಯ ಬಳಿ ಬಾಗಿ ವಿವರಿಸಿದರು. ಮಗುವಿಗೆ ಉಸಿರು ಬಾರದೆ ಹೋದರೆ, ಪಾದ್ರಿಗಳು ಬರುವ ತನಕ ಕಾಯುವಂತಿಲ್ಲ. ಆ ನೀರನ್ನು ಮೂರು ಸಲ ತಲೆಯ ಮೇಲೆ ಹುಯ್ದು, ಪಿತನ, ಪುತ್ರನ, ಪವಿತ್ರಾತ್ಮನ ಹೆಸರು ಹೇಳಿ ಜ್ಞಾನಸ್ನಾನ ಕೊಡಬೇಕು. ‘ಮಗು ನಿಮ್ಮ ಕೈಯಲ್ಲಿ ಇರ್ತದೆ, ನಾನು ಎದ್ದು ಬರುವಷ್ಟರಲ್ಲಿ ತಡ ಆದರೆ ನೀವೇ ಕೊಡಿ’ ಎಂದರು. ನಾನು ಬೆರಗಾಗಿ, ಅಜ್ಜೀ, ನಾನು ನಿಮ್ಮವಳಲ್ಲವಲ್ಲ ಎಂದೆನು. ‘ಆಗ್ತದೆ. ಯಾರು ಕೊಟ್ಟರೂ ಆಗ್ತದೆ, ಮನಸ್ಸು ಒಂದು ಸರಿ ಇದ್ದರೆ ಸಾಕು. ನೀರೂ ಹಾಗೇ, ತೀರ್ಥವೇ ಆಗಬೇಕೂಂತ ಇಲ್ಲ, ಇದು ನಮ್ಮ ಬಾವಿಯದ್ದು.’

ಅವರು ಹೇಳಿದ್ದು ಅವರ ಸಭೆಯ ಶಾಸ್ತ್ರಕ್ಕೆ ಅನುಸಾರವಾದುದೇ ಎಂದು ಎಷ್ಟೋ ವರುಷಗಳ ಮೇಲೆ ತಿಳಿದೆನು. ಪ್ರಾಣಾಪಾಯದ ಸಮಯದಲ್ಲಿ, ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ಮನುಷ್ಯನಾದರೂ, ಅನ್ಯಮತೀಯನಾದರೂ, ಜ್ಞಾನಸ್ನಾನ ಕೊಡಬಹುದೆಂಬುದು ಕ್ಯಾಥೊಲಿಕರಲ್ಲಿ ಪುರಾತನವಾದ ನಿಯಮ. ಆ ಕಾರಣದಿಂದಲೇ ಯೂರೋಪಿನಲ್ಲಿ ಸೂಲಗಿತ್ತಿಯರಿಗೆ ಈ ವಿಧಿಯನ್ನು ಕಲಿಸುತ್ತಿದ್ದರು. 16ನೆಯ ಶತಮಾನದಿಂದ ಇಂಗ್ಲೆಂಡಿನಲ್ಲಿ ಅವರಿಗೆ ಪರವಾನಗಿ ಕೊಡುತ್ತಿದ್ದವರು ಬಿಷಪ್ಪರೇ. ಆದರೆ ಅಂದು ಇದೊಂದೂ ಗೊತ್ತಿಲ್ಲದ ನನಗೆ ತಿಳಿದದ್ದು ಇಷ್ಟೆ: ಮೊಮ್ಮಗಳ ಮುಖ ನೋಡಿ ನಗುತ್ತಿದ್ದ ಈ ಮುದುಕಿ, ಬರಬಹುದಾದ ಅತ್ಯಂತ ದೊಡ್ಡ ದುಃಖಕ್ಕೂ ಸಿದ್ಧತೆ ಮಾಡಿ, ಅದರ ಮೇಲೊಂದು ಬಸಿ ಮುಚ್ಚಿ, ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ, ಮತ್ತು ಆ ಮನೆಗೆ ಅತಿ ಪವಿತ್ರವಾದ ಕೆಲಸವನ್ನು, ಹೊತ್ತು ಬಂದರೆ, ನನ್ನ ಕೈಗೆ ಒಪ್ಪಿಸಿದ್ದಾರೆ. ಆ ರಾತ್ರಿ ನನ್ನ ಕೈ ನಡುಗದಿದ್ದುದಕ್ಕೆ ಆ ವಿಶ್ವಾಸವೇ ಕಾರಣವೆಂದು ಇಂದಿಗೂ ನಂಬಿದ್ದೇನೆ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ತಲೆ ಕಾಣಿಸಿತು. ಹೊಕ್ಕುಳಬಳ್ಳಿ ಕತ್ತಿಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಅದು ಅಪರೂಪವಲ್ಲ, ಬೆರಳು ಸೇರಿಸಿ ತಲೆಯ ಮೇಲಿಂದ ಜಾರಿಸಿ ಬಿಡಿಸಿದೆನು. ಮುಂದಿನ ಬೇನೆಗೆ ಭುಜ, ಆಮೇಲೆ ಒಮ್ಮೆಗೇ ಮೈ. ಹೆಣ್ಣುಮಗು. ಮೈ ನೀಲಿ, ಕೈಕಾಲು ಜೋಲು, ಸದ್ದಿಲ್ಲ. ಬಾಯಿಯ ಲೋಳೆಯನ್ನು ಎಳೆದು ತೆಗೆದು, ಕಾದಿರಿಸಿದ್ದ ಬಟ್ಟೆಯಿಂದ ಬೆನ್ನನ್ನು ಉಜ್ಜಿದೆನು. ಮತ್ತೆ ಉಜ್ಜಿದೆನು. ಹುಡುಗಿ ‘ಯಾಕೆ ಅಳುವುದಿಲ್ಲ’ ಎಂದಳು; ತಾಯಿ ಅವಳ ಹಣೆಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಜ್ಜಿಯ ಕೈ ಲೋಟದ ಮೇಲಿನ ಬಸಿಯನ್ನು ಮುಟ್ಟಿದುದನ್ನು ಕಡೆಗಣ್ಣಿನಲ್ಲಿ ಕಂಡೆನು. ಆದರೆ ಜಪದ ಲಯ ಒಂದಿಷ್ಟೂ ಕೆಡಲಿಲ್ಲ. ಎರಡು ಮಣಿಗಳು ಸರಿದಿರಬೇಕು. ಮಗು ಒಂದು ಸಲ ಬಿಕ್ಕಿ, ಮುಖ ಕಿವುಚಿ, ಮಳೆಯ ಸದ್ದನ್ನು ಮೀರಿ ಅತ್ತಿತು. ಬಾಗಿಲ ಸಂದಿನಲ್ಲಿ ಟಾರ್ಚಿನ ಬೆಳಕು ಅಲುಗಾಡಿತು.

ಮಗುವನ್ನು ಒರಸಿ ಹುಡುಗಿಯ ಎದೆಯ ಮೇಲಿಟ್ಟು, ಬಳ್ಳಿಯ ಮಿಡಿತ ನಿಂತ ಮೇಲೆ, ಕುದಿಸಿದ ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಿದೆನು. ಇಪ್ಪತ್ತು ನಿಮಿಷದಲ್ಲಿ ಮಾಸು ಬಿದ್ದಿತು; ದೀಪದ ಬಳಿ ಹಿಡಿದು, ಚೂರೂ ಒಳಗುಳಿದಿಲ್ಲವೆಂದು ನೋಡಿ, ಎರ್ಗೊಮೆಟ್ರಿನ್ ಚುಚ್ಚಿ, ಗರ್ಭಕೋಶ ಕಾಯಿಯಂತೆ ಗಟ್ಟಿಯಾಗುವ ತನಕ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತೆನು. ಅಡಿಗೆಮನೆಯಿಂದ ಮೆಂತೆಯ ಗಂಜಿಗೆ ಹಾಕುವ ಬೆಲ್ಲ, ತೆಂಗಿನ ಹಾಲುಗಳ ಪರಿಮಳ ಬರುತ್ತಿತ್ತು. ಹಳೆಯ ವೊಯ್ಜಿಣ್ ಮಂಜುಗಣ್ಣಿನಿಂದ ಮಗುವನ್ನು ಕಾಣಲಾರದೆ, ಬೆರಳಿನಿಂದ ಅದರ ಹಣೆ, ಮೂಗು, ಗಲ್ಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ತಾಯಿಯದೇ ಮುಖವೆಂದಳು.

ಬೆಳಕು ಹರಿದಿತ್ತು. ನಾನು ಕೈ ತೊಳೆದು ಜಗಲಿಯ ಕಂಬಕ್ಕೊರಗಿ ಕುಳಿತಿರುವಾಗ ಅಜ್ಜಿ ಕೋಣೆಯಿಂದ ಮೆಲ್ಲನೆ ಹೊರಬಂದು, ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಲ್ಲಿ ಆ ಲೋಟವಿತ್ತು. ಬಸಿಯನ್ನು ತೆಗೆದು, ‘ಈಗ ಕುಡಿ ಮಗಾ’ ಎಂದು ನೀಡಿದರು. ಬಾವಿಯ ನೀರು, ರಾತ್ರಿಯೆಲ್ಲ ಮುಚ್ಚಿಟ್ಟು ತಣ್ಣಗಾಗಿತ್ತು. ಒಂದು ತೊಟ್ಟೂ ಉಳಿಸದೆ ಕುಡಿದೆನು.